ಚೆಕ್ ಪಾಸಾಗುತ್ತಾ? ಬ್ಯಾಂಕಿಗೆ ಹೋಗುವ ಮೊದಲೇ ನೋಡಿಕೊಳ್ಳಬೇಕಾದ್ದು

ಫೋನಿನಲ್ಲೇ ರೊಕ್ಕ ಕಳಿಸುವ ಕಾಲ ಬಂದರೂ ನಮ್ಮ ಕಡೆ ಚೆಕ್ ಇನ್ನೂ ಹೋಗಿಲ್ಲ. ಅಮರಗೋಳದ ಎಪಿಎಂಸಿ ಇರಲಿ, ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಇರಲಿ, ಗದಗಿನ ಪ್ರಿಂಟಿಂಗ್ ಪ್ರೆಸ್ ಇರಲಿ, ಮೊತ್ತ ಸ್ವಲ್ಪ ದೊಡ್ಡದಾಯಿತೆಂದರೆ "ಚೆಕ್ ಬರದು ಕೊಡ್ತೀನಿ, ತಗೋರಿ" ಅನ್ನುವ ಮಾತು ಬರುತ್ತದೆ. ಯುಪಿಐನಲ್ಲಿ ಒಬ್ಬರಿಂದ ಒಬ್ಬರಿಗೆ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷದ ಮಿತಿ ಇದೆ. ಅದನ್ನು ದಾಟಿದ ವ್ಯವಹಾರಕ್ಕೆ ಹಳೆಯ ಮಂದಿಗೆ ಚೆಕ್ಕೇ ಸಲೀಸು.

ತೊಂದರೆ ಶುರುವಾಗುವುದು ಕೌಂಟರಿನಲ್ಲಿ. "ಚೆಕ್ ಮ್ಯಾಲ ನನ್ನ ಹೆಸರೈತಿ, ಸಹಿ ಐತಿ, ರೊಕ್ಕಾ ಯಾಕ ಕೊಡಂಗಿಲ್ರೀ ಸರ?" ಎಂದು ಕೇಳುವವರನ್ನು ಯಾವ ಬ್ಯಾಂಕಿಗೆ ಹೋದರೂ ನೋಡಬಹುದು. ಕ್ಯಾಶಿಯರ್ ಸುಮ್ನೆ ಸತಾಯಿಸುತ್ತಿದ್ದಾರೆ ಎಂದು ಅವರಿಗೆ ಅನಿಸುತ್ತದೆ. ಆದರೆ ಚೆಕ್ ಅಂದರೆ ಖಾತೆದಾರರು ತಮ್ಮ ಬ್ಯಾಂಕಿಗೆ ಬರೆದ ಆದೇಶ, ಅಷ್ಟೇ. ಬ್ಯಾಂಕಿನ ಹೊಣೆ ಇರುವುದು ಚೆಕ್ ಬರೆದವರ ಕಡೆಗೆ, ಹಿಡಿದುಕೊಂಡು ಬಂದವರ ಕಡೆಗಲ್ಲ. ಚೆಕ್‌ನಂಥ ಹಣದ ಪತ್ರಗಳಿಗೆಂದೇ ಇರುವ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 31ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಖಾತೆಯಲ್ಲಿ ಸಾಕಷ್ಟು ಹಣ ಇದ್ದೂ ಬ್ಯಾಂಕು ತಪ್ಪಾಗಿ ಚೆಕ್ ವಾಪಸ್ ಮಾಡಿದರೆ, ನಷ್ಟ ತುಂಬಿಕೊಡಬೇಕಾದ್ದು ಬರೆದವರಿಗೆ. ಚೆಕ್ ಹಿಡಿದು ನಿಂತವರು ಆ ಬ್ಯಾಂಕಿನ ಮೇಲೆ ಈ ಕಲಮಿನ ಪ್ರಕಾರ ಹಕ್ಕು ಸಾಧಿಸಲು ಆಗುವುದಿಲ್ಲ.

ಹಾಗಾದರೆ ನೀವು ಕೇಳಬೇಕಾದ್ದು ಯಾರನ್ನು? ಚೆಕ್ ಕೊಟ್ಟವರನ್ನು. ಯಾವಾಗ? ಅವರು ಇನ್ನೂ ಪೆನ್ನು ಹಿಡಿದು ನಿಮ್ಮೆದುರು ಕೂತಿರುವಾಗ. ಕೆಳಗೆ ಹೇಳುವ ಹೆಚ್ಚಿನ ಕೆಲಸ ಅಲ್ಲೇ, ಆ ಅಂಗಡಿಯ ಗಾದಿ ಮೇಲೆ ಕೂತೇ ಮಾಡಬೇಕಾದ್ದು.

ಮೊದಲು ಹಾಳೆ ನೋಡಿ

ಚೆಕ್ ಕೈಗೆ ಬಂದ ಕೂಡಲೇ ಮಡಚಿ ಅಂಗಿ ಕಿಸೆಗೆ ಹಾಕಬೇಡಿ. ಮೊದಲು ಬ್ಯಾಂಕಿನ ಹೆಸರು ಓದಿ. ಕಳೆದ ಕೆಲವು ವರ್ಷಗಳಲ್ಲಿ ನಮಗೆ ಚಿರಪರಿಚಿತವಾದ ಎಷ್ಟೋ ಬ್ಯಾಂಕುಗಳು ಬೇರೆ ಬ್ಯಾಂಕಿನಲ್ಲಿ ಸೇರಿಹೋಗಿವೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿಗೆ, ಅದೇ ವರ್ಷ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿದವು. ಧಾರವಾಡದಲ್ಲೇ ಮುಖ್ಯ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಕೂಡ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗ. ಕೆಲವರ ಕಪಾಟಿನಲ್ಲಿ ಹಳೆಯ ಚೆಕ್ ಪುಸ್ತಕ ಇನ್ನೂ ಬಿದ್ದಿರುತ್ತದೆ. ಹಾಳೆ ಉಳಿದಿದೆಯಲ್ಲ ಎಂದು ಅದನ್ನೇ ಹರಿದು ಬರೆದುಕೊಟ್ಟಿರುತ್ತಾರೆ. ಹಳೆಯ ಹೆಸರು ಕಂಡರೆ ನಯವಾಗಿಯೇ ಹೇಳಿ, "ಯಜಮಾನ್ರ, ಹೊಸಾ ಬುಕ್ಕಿನ ಹಾಳಿ ಕೊಡ್ರಿ." ಖಾತೆಯಲ್ಲಿ ಕೋಟಿ ಇದ್ದರೂ ಹಳೆಯ ಹಾಳೆ, ಬ್ಯಾಂಕುಗಳು ಒಂದಕ್ಕೊಂದು ಚೆಕ್ ಕಳಿಸಿ ಹಣ ತರಿಸಿಕೊಳ್ಳುವ ಕ್ಲಿಯರಿಂಗ್‌ನಲ್ಲಿ ಸಿಕ್ಕಿಬೀಳುತ್ತದೆ.

ಈಗ ಹಾಳೆಯನ್ನು ಬೆಳಕಿಗೆ ಹಿಡಿಯಿರಿ. ಈಗಿನ ಚೆಕ್‌ಗಳ ಕಾಗದದೊಳಗೆ 'ಸಿಟಿಎಸ್ ಇಂಡಿಯಾ' ಎಂಬ ಇಂಗ್ಲಿಷ್ ಅಕ್ಷರಗಳ ವಾಟರ್‌ಮಾರ್ಕ್ ಕಾಣುತ್ತದೆ. 2010ರಲ್ಲಿ ಗೊತ್ತುಮಾಡಿದ ನಮೂನೆ ಅದು. ಅದಕ್ಕಿಂತ ಹಳೆಯ ನಮೂನೆಯ ಚೆಕ್‌ಗಳಿಗಿದ್ದ ಪ್ರತ್ಯೇಕ ಕ್ಲಿಯರಿಂಗ್ 2018ರ ಕೊನೆಗೆ ನಿಂತುಹೋಗಿದೆ. ವಾಟರ್‌ಮಾರ್ಕ್ ಇಲ್ಲದ ಹಾಳೆ ಸಿಕ್ಕರೆ ಒಂದೋ ಬಹಳ ಹಳೆಯದು, ಇಲ್ಲವೇ ನಕಲಿ. ಎರಡೂ ನಿಮಗೆ ಬೇಡ.

ಆಮೇಲೆ ತಾರೀಖು. ಚೆಕ್‌ನ ಆಯುಷ್ಯ ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳು ಮಾತ್ರ. ಮೊದಲು ಆರು ತಿಂಗಳು ಇತ್ತು. ರಿಸರ್ವ್ ಬ್ಯಾಂಕು 2012ರ ಏಪ್ರಿಲ್ 1ರಿಂದ ಅದನ್ನು ಅರ್ಧಕ್ಕೆ ಇಳಿಸಿತು. ಇವತ್ತಿಗೂ "ಆರು ತಿಂಗಳು ನಡೀತೈತಿ" ಎನ್ನುವ ಹಿರಿಯರಿದ್ದಾರೆ, ನಂಬಬೇಡಿ. ಜನವರಿಯಲ್ಲಿ ಪಡೆದ ಚೆಕ್ ಆದರೆ ಇಸವಿಯನ್ನು ಎರಡು ಸಲ ನೋಡಿ. ಕೈ ರೂಢಿಯಲ್ಲಿ ಹಿಂದಿನ ವರ್ಷವನ್ನೇ ಬರೆದಿರುತ್ತಾರೆ. ಹಾಗಾದರೆ ಆ ಚೆಕ್ ಹುಟ್ಟುವಾಗಲೇ ಹಳಸಿದಂತೆ. ಮುಂದಿನ ತಾರೀಖು ಹಾಕಿದ ಚೆಕ್ ಆ ದಿನ ಬರುವವರೆಗೆ ನಡೆಯುವುದಿಲ್ಲ. ತಾರೀಖೇ ಇಲ್ಲದ ಚೆಕ್ ತೆಗೆದುಕೊಳ್ಳಬೇಡಿ, ಅವರ ಕೈಯಲ್ಲೇ ಬರೆಸಿ.

ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಒಂದೇ ಇರಬೇಕು. ಕಾಯ್ದೆಯ ಪ್ರಕಾರ ಎರಡೂ ಬೇರೆ ಇದ್ದರೆ ಅಕ್ಷರದಲ್ಲಿ ಬರೆದದ್ದೇ ಮೊತ್ತ. ಆದರೆ ಕೌಂಟರಿನಲ್ಲಿ ಕಾಯ್ದೆ ಓದಿ ಹೇಳಿದರೆ ಪ್ರಯೋಜನವಿಲ್ಲ. ರೂಢಿಯಲ್ಲಿ ಬ್ಯಾಂಕುಗಳು ಅಂಥ ಚೆಕ್ಕನ್ನು ವಾಪಸ್ ಮಾಡುತ್ತವೆ.

ಇನ್ನು ತಿದ್ದುಪಡಿ. ಮೊದಲು ಅಂಕಿ ತಪ್ಪಾದರೆ ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದರೆ ನಡೆಯುತ್ತಿತ್ತು. ಈಗ ಚೆಕ್‌ನ ಕಾಗದ ಊರಿಂದೂರಿಗೆ ಹೋಗುವುದಿಲ್ಲ, ಅದರ ಫೋಟೊ ಮಾತ್ರ ಹೋಗುತ್ತದೆ. ಆ ಫೋಟೊದಲ್ಲಿ ತಿದ್ದಿದ್ದು ಯಾರು ಎಂದು ಗೊತ್ತಾಗುವುದು ಕಷ್ಟ. ಹಾಗಾಗಿ ಇಮೇಜ್ ಕ್ಲಿಯರಿಂಗ್‌ಗೆ ಹೋಗುವ ಚೆಕ್‌ನಲ್ಲಿ ಹೆಸರು ಮತ್ತು ಮೊತ್ತದಲ್ಲಿ ಯಾವ ತಿದ್ದುಪಡಿಯೂ ನಡೆಯುವುದಿಲ್ಲ. ತಾರೀಖಿಗೆ ಮಾತ್ರ ವಿನಾಯಿತಿ ಇದೆ, ಅಲ್ಲೂ ಪೂರ್ತಿ ಸಹಿ ಬೇಕು. ಒಂದು ಅಕ್ಷರ ತಿದ್ದಿದ್ದರೂ ಸಂಕೋಚ ಮಾಡದೆ ಬೇರೆ ಹಾಳೆ ಕೇಳಿ. ಅವರಿಗೆ ಹೋಗುವುದು ಒಂದು ಹಾಳೆ, ನಿಮಗೆ ಉಳಿಯುವುದು ಒಂದು ವಾರದ ಓಡಾಟ.

ಕನ್ನಡದಲ್ಲಿ ಬರೆದ ಚೆಕ್ ನಡೆಯುತ್ತದಾ ಎಂದು ಕೇಳುವವರು ಜಾಸ್ತಿ. ನಡೆಯುತ್ತದೆ. ಚೆಕ್ ಹಾಳೆ ಅಚ್ಚಾಗುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಾದರೂ ಗ್ರಾಹಕರು ಹಿಂದಿ, ಇಂಗ್ಲಿಷ್ ಅಥವಾ ತಮ್ಮ ಪ್ರದೇಶದ ಭಾಷೆಯಲ್ಲಿ ತುಂಬಬಹುದು ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ಕನ್ನಡ ಕಂಡು ಕೌಂಟರಿನಲ್ಲಿ ಯಾರಾದರೂ ಹುಬ್ಬು ಗಂಟಿಕ್ಕಿದರೆ ಈ ಮಾತನ್ನು ನೆನಪಿಸಿ. ಶಾಯಿಯ ಬಗ್ಗೆ ಹರಿದಾಡುವ ಸುದ್ದಿಗಳಿಗೂ ತಲೆ ಕೆಡಿಸಿಕೊಳ್ಳಬೇಡಿ. ಕಪ್ಪು ಶಾಯಿ ನಿಷೇಧ ಎಂಬ ವಾಟ್ಸಾಪ್ ಸುದ್ದಿ ಸುಳ್ಳು. ಫೋಟೊದಲ್ಲಿ ಚೆನ್ನಾಗಿ ಕಾಣುವ, ಅಳಿಸಲಾಗದ ಗಾಢ ಬಣ್ಣ ಇದ್ದರೆ ಸಾಕು.

ಹೆಸರೇ ಅರ್ಧ ಜಗಳ

ನನ್ನನ್ನು ಕೇಳಿದರೆ ನಮ್ಮ ಭಾಗದಲ್ಲಿ ಬ್ಯಾಲೆನ್ಸ್ ಬಿಟ್ಟರೆ ಅತಿ ಹೆಚ್ಚು ತಲೆನೋವು ಹೆಸರಿನದು. ಊರಲ್ಲಿ ಎಲ್ಲರೂ ಕರೆಯುವುದು ಒಂದು, ಪಹಣಿಯಲ್ಲಿ ಇರುವುದು ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು. ಎಲ್ಲರ ಬಾಯಲ್ಲಿ ಬಸಣ್ಣ, ಪಾಸ್‌ಬುಕ್ಕಿನಲ್ಲಿ ಬಸವಂತಪ್ಪ. ಮೊದಲು ಅಡ್ಡಹೆಸರೋ, ಅಪ್ಪನ ಹೆಸರೋ, ಊರ ಹೆಸರೋ ಎಂಬುದೂ ದಾಖಲೆಯಿಂದ ದಾಖಲೆಗೆ ಬೇರೆ. ಚೆಕ್ ಬರೆಯುವ ಅಂಗಡಿಯವರು ತಮಗೆ ಗೊತ್ತಿರುವ ಹೆಸರನ್ನೇ ಬರೆಯುತ್ತಾರೆ, ಅವರ ತಪ್ಪಲ್ಲ. ನೀವೇ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಿ. "ಹಿಂಗ ಬರೀರಿ" ಎಂದು ತೋರಿಸಿ. ಒಂದೆರಡು ಅಕ್ಷರದ ವ್ಯತ್ಯಾಸವನ್ನು ನಿಮ್ಮ ಶಾಖೆಯವರು ಗುರುತಿದ್ದರೆ ಬಿಡಬಹುದು. ಹೆಸರೇ ಬೇರೆಯಾದರೆ ಬಿಡುವುದಿಲ್ಲ, ಬಿಡಲೂ ಬಾರದು.

ಅಂಗಡಿ ಇಟ್ಟವರಿಗೆ ಇನ್ನೊಂದು ಗೊಂದಲ. ಗಿರಾಕಿ ಚೆಕ್ಕನ್ನು ಅಂಗಡಿಯ ಹೆಸರಿಗೆ ಬರೆಯುತ್ತಾರೆ, ನಿಮ್ಮ ಹತ್ತಿರ ಇರುವುದು ಸ್ವಂತ ಹೆಸರಿನ ಉಳಿತಾಯ ಖಾತೆ. ಅಂಗಡಿ ನಿಮ್ಮದೇ ಆದರೂ ಬ್ಯಾಂಕಿಗೆ ಅದು ಬೇರೆ ಹೆಸರು. ಅಂಗಡಿ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆಯಿರಿ, ಇಲ್ಲವೇ ನಿಮ್ಮ ಹೆಸರಿಗೆ ಬರೆಸಿಕೊಳ್ಳಿ.

ಮೂರನೆಯದು ಸಹಕಾರಿ ಸಂಘದ ವಿಷಯ. ದೇಶದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ತಾಲೂಕಿನ ಕಣಗಿನಹಾಳದಲ್ಲಿ. ಆ ಪರಂಪರೆಯ ಫಲವೋ ಏನೋ, ನಮ್ಮಲ್ಲಿ ಓಣಿಗೊಂದು ಪತ್ತಿನ ಸಂಘ, ಸೌಹಾರ್ದ ಸಹಕಾರಿ ಇದೆ. ಎಷ್ಟೋ ಜನರ ವ್ಯವಹಾರವೆಲ್ಲ ಅಲ್ಲೇ. ಆದರೆ ಪತ್ತಿನ ಸಂಘ ಬ್ಯಾಂಕಲ್ಲ. ಅದು ಕೊಡುವ ಹಣ ತೆಗೆಯುವ ಚೀಟಿ ನೋಡಲು ಚೆಕ್‌ನಂತೆ ಇದ್ದರೂ ಚೆಕ್ ಅಲ್ಲ. ಯಾರಾದರೂ ಅದನ್ನೇ ಬರೆದುಕೊಟ್ಟರೆ ಅದೇ ಸಂಘಕ್ಕೆ ಹೋಗಿ ವಿಚಾರಿಸಬೇಕು, ಕ್ಲಿಯರಿಂಗ್‌ಗೆ ಅದು ಹೋಗುವುದಿಲ್ಲ. ಸಹಕಾರಿ ಬ್ಯಾಂಕುಗಳ ಮಾತು ಬೇರೆ, ರಿಸರ್ವ್ ಬ್ಯಾಂಕಿನ ಪರವಾನಗಿ ಇದ್ದವು ನಿಜವಾದ ಬ್ಯಾಂಕುಗಳೇ.

ಅದೇ ಹೊತ್ತಿಗೆ ಸಂಘದಲ್ಲಿ ಮಾತ್ರ ಖಾತೆ ಇರುವವರಿಗೆ ಒಂದು ದಾರಿಯೂ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಅಕೌಂಟ್ ಪೇಯಿ ಚೆಕ್ಕನ್ನು ಹೆಸರಿದ್ದವರ ಖಾತೆಗೆ ಬಿಟ್ಟು ಬೇರೆ ಯಾರ ಖಾತೆಗೂ ಹಾಕಬಾರದು ಎಂಬುದು ರಿಸರ್ವ್ ಬ್ಯಾಂಕಿನ ಕಟ್ಟುನಿಟ್ಟಿನ ನಿಯಮ. ಆದರೆ ಪತ್ತಿನ ಸಹಕಾರ ಸಂಘದ ಸದಸ್ಯರ ಹೆಸರಿಗೆ ಬಂದ 50,000 ರೂಪಾಯಿವರೆಗಿನ ಚೆಕ್ಕನ್ನು ಸಂಘದ ಖಾತೆಯ ಮೂಲಕ ವಸೂಲಿ ಮಾಡಿಕೊಡಲು ಬ್ಯಾಂಕುಗಳಿಗೆ ಅವಕಾಶ ಇದೆ. ಮಾಡಲೇಬೇಕೆಂಬ ಕಟ್ಟಳೆ ಇಲ್ಲ. ಸಂಘದ ಕಾರ್ಯದರ್ಶಿಯನ್ನು ಕೇಳಿ ನೋಡಿ.

ಎಡ ಮೂಲೆಯ ಎರಡು ಗೆರೆ

ಚೆಕ್‌ನ ಎಡ ಮೇಲ್ತುದಿಯಲ್ಲಿ ಎರಡು ಸಮಾನಾಂತರ ಗೆರೆ ಎಳೆದಿದ್ದರೆ ಅದು ಕ್ರಾಸ್ ಮಾಡಿದ ಚೆಕ್. ಕೌಂಟರಿನಲ್ಲಿ ಅದಕ್ಕೆ ನಗದು ಕೊಡುವುದಿಲ್ಲ. ಯಾರು ಬಂದರೂ ಅಷ್ಟೇ. ಅದು ಖಾತೆಗೇ ಹೋಗಬೇಕು. ಗೆರೆಗಳ ನಡುವೆ 'ಎ/ಸಿ ಪೇಯಿ' ಎಂದು ಬರೆದಿದ್ದರೆ ಹೆಸರಿದ್ದವರ ಖಾತೆಗೇ ಹೋಗಬೇಕು.

ಗೆರೆ ಇಲ್ಲದೆ, ಹೆಸರಿನ ಸಾಲಿನ ಕೊನೆಗೆ ಅಚ್ಚಾದ 'ಬೇರರ್' ಶಬ್ದವನ್ನು ಹೊಡೆದುಹಾಕದೆ ಬಿಟ್ಟಿದ್ದರೆ ಅದು ಬೇರರ್ ಚೆಕ್. ಅದನ್ನು ತಂದವರಿಗೆ ಬ್ಯಾಂಕು ನಗದು ಕೊಡಬಹುದು. ಇಲ್ಲೇ ಅಪಾಯವೂ ಇರುವುದು. ಹುಬ್ಬಳ್ಳಿಯ ದುರ್ಗದ ಬೈಲಿನ ಗದ್ದಲದಲ್ಲಿ ಅಂಥ ಚೆಕ್ ಕಳೆದುಕೊಂಡರೆ ಸಿಕ್ಕವರು ವಟಾಯಿಸಿಕೊಂಡು ಹೋಗಬಹುದು. ಬ್ಯಾಂಕು ಎಚ್ಚರಿಕೆಯಿಂದ, ನಿಯಮದ ಪ್ರಕಾರ ಹಣ ಕೊಟ್ಟಿದ್ದರೆ ಅದೇ 1881ರ ಕಾಯ್ದೆಯ 85ನೇ ಕಲಂ ಬ್ಯಾಂಕಿನ ಬೆನ್ನಿಗೆ ನಿಲ್ಲುತ್ತದೆ. 'ಸೆಲ್ಫ್' ಎಂದು ಬರೆದು ಹುಡುಗನ ಕೈಯಲ್ಲಿ ಕಳಿಸುವ ಚೆಕ್‌ಗೂ ಇದೇ ಮಾತು.

ಬೇರರ್ ಶಬ್ದ ಹೊಡೆದುಹಾಕಿದರೆ ಅದು ಆರ್ಡರ್ ಚೆಕ್. ಆಗ ಬ್ಯಾಂಕಿನವರು ಬಂದವರು ಅವರೇ ಹೌದೋ ಎಂದು ಗುರುತು ಖಚಿತ ಮಾಡಿಕೊಂಡೇ ಹಣ ಕೊಡುತ್ತಾರೆ.

ಯಾವುದನ್ನು ಕೇಳಬೇಕು? ಇವತ್ತೇ ನಗದು ಬೇಕು, ಮೊತ್ತ ಸಣ್ಣದು, ಆ ಬ್ಯಾಂಕು ಪಕ್ಕದ ಓಣಿಯಲ್ಲೇ ಇದೆ ಎಂದರೆ ಬೇರರ್ ಇರಲಿ. ಮಿಕ್ಕ ಎಲ್ಲದಕ್ಕೂ ಅಕೌಂಟ್ ಪೇಯಿ ಒಳ್ಳೆಯದು. ಮೊತ್ತ 2 ಲಕ್ಷ ಮುಟ್ಟಿದರೆ ಬೇರರ್ ಚೆಕ್ ಮುಟ್ಟಲೇಬೇಡಿ. ಒಬ್ಬರಿಂದ ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಹೆಚ್ಚಿನ ಹಣವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ತಡೆಯುತ್ತದೆ. ಅದರ ಕಣ್ಣಿಗೆ ಬೇರರ್ ಚೆಕ್ಕೂ ನಗದಿನ ಸಾಲಿನದೇ. ದಂಡ ಬೀಳುವುದು ಪಡೆದವರಿಗೆ, ಅದೂ ಪಡೆದಷ್ಟೇ ಮೊತ್ತ.

ನಗದು ಕೇಳಲು ಹೋದಾಗ

ನಗದು ಸಿಗುವುದು ಚೆಕ್ ಬರೆದವರ ಬ್ಯಾಂಕಿನಲ್ಲಿ ಮಾತ್ರ. ಕೆನರಾ ಬ್ಯಾಂಕಿನ ಚೆಕ್ ಹಿಡಿದು ಎಸ್‌ಬಿಐ ಕೌಂಟರಿನಲ್ಲಿ ನಗದು ಕೇಳಿದರೆ ಕೊಡುವುದಿಲ್ಲ, ಅಲ್ಲಿ ನಿಮ್ಮ ಖಾತೆ ಇದ್ದರೂ ಕೊಡುವುದಿಲ್ಲ. ಬರೆದವರ ಖಾತೆ ಇರುವ ಶಾಖೆಗೇ ಹೋದರೆ ಕೆಲಸ ಬೇಗ. ಅದೇ ಬ್ಯಾಂಕಿನ ಬೇರೆ ಶಾಖೆಯಲ್ಲೂ ಕೊಡಬಹುದು, ಆದರೆ ಮೂರನೆಯವರು ತಂದ ಚೆಕ್‌ಗೆ ಅಲ್ಲಿ ಮಿತಿ ಇರುತ್ತದೆ. ಮಿತಿ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಸವಣೂರಿನಿಂದ ಹುಬ್ಬಳ್ಳಿಗೆ ಬಸ್ ಹತ್ತುವ ಮೊದಲು ಫೋನ್ ಮಾಡಿ ಕೇಳಿಕೊಳ್ಳುವುದು ಜಾಣತನ.

ಆಧಾರ್ ಅಥವಾ ಬೇರೆ ಗುರುತಿನ ಚೀಟಿ ಮತ್ತು ಅದರ ಝೆರಾಕ್ಸ್ ಇಟ್ಟುಕೊಳ್ಳಿ. ಖಾತೆ ಇಲ್ಲದವರು 50,000 ರೂಪಾಯಿ ಅಥವಾ ಹೆಚ್ಚಿನ ವ್ಯವಹಾರ ಮಾಡಿದರೆ ಅವರ ಗುರುತು ನೋಡಲೇಬೇಕೆಂದು ನಿಯಮ ಇದೆ. ಚೆಕ್‌ನ ಹಿಂದೆ ಸಹಿ ಹಾಕಲು ಹೇಳುತ್ತಾರೆ. ಮನೆಯಲ್ಲೇ ಹಾಕಿಕೊಂಡು ಹೋಗಬೇಡಿ, ಅವರ ಎದುರಿಗೇ ಹಾಕಿ. ಮೊತ್ತ ದೊಡ್ಡದಿದ್ದರೆ ಚೆಕ್ ಬರೆದವರಿಗೆ ಬ್ಯಾಂಕಿನಿಂದ ಒಂದು ಫೋನ್ ಹೋಗಬಹುದು. ಅವರು ಫೋನ್ ಎತ್ತದಿದ್ದರೆ ನಿಮ್ಮನ್ನು ಕೂರಿಸುತ್ತಾರೆ. ಸಿಟ್ಟಾಗಬೇಡಿ. ನಾಳೆ ನಿಮ್ಮ ಖಾತೆಯ ಚೆಕ್ ಯಾರೋ ತಂದಾಗಲೂ ಹೀಗೇ ಕೇಳಲಿ ಎಂದೇ ನಿಮಗೂ ಅನಿಸುತ್ತದೆ, ಅಲ್ವಾ? ಹಳ್ಳಿಯ ಸಣ್ಣ ಶಾಖೆಗಳಲ್ಲಿ ದೊಡ್ಡ ಮೊತ್ತದ ನಗದು ಆ ಹೊತ್ತಿಗೆ ಇರದಿರಬಹುದು, ಹಿಂದಿನ ದಿನವೇ ಹೇಳಿಟ್ಟರೆ ತರಿಸಿರುತ್ತಾರೆ.

ಖಾತೆಯಲ್ಲಿ ಹಣ ಇದ್ದೂ ಕೊಡದ ಸಂದರ್ಭಗಳಿವೆ. ಸಹಿ ತಾಳೆಯಾಗದಿರುವುದು ಎಲ್ಲಕ್ಕಿಂತ ಸಾಮಾನ್ಯ. ಇಪ್ಪತ್ತು ವರ್ಷದ ಹಿಂದೆ ಕೊಟ್ಟ ಮಾದರಿ ಸಹಿಗೂ ನಡುಗುವ ಕೈಯ ಇವತ್ತಿನ ಸಹಿಗೂ ಹೊಂದುವುದಿಲ್ಲ. ಅಂಥ ಹಿರಿಯರು ಶಾಖೆಗೆ ಹೋಗಿ ಹೊಸ ಮಾದರಿ ಸಹಿ ಕೊಟ್ಟುಬರಬೇಕು. ಸಹಿ ಮಾಡಲೇ ಆಗದಷ್ಟು ಕಾಯಿಲೆಯಾದ ಖಾತೆದಾರರು ಹೆಬ್ಬೆಟ್ಟು ಒತ್ತಿ ಹಣ ತೆಗೆಯಬಹುದು. ಅದಕ್ಕೆ ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. ಅಜ್ಜನನ್ನು ಹೊತ್ತುಕೊಂಡು ಬ್ಯಾಂಕಿಗೆ ಬರುವ ಮೊದಲು ಮ್ಯಾನೇಜರನ್ನು ಈ ಬಗ್ಗೆ ಕೇಳಿ.

ಸಂಘ, ಗುಡಿ ಕಮಿಟಿ, ಸ್ವಸಹಾಯ ಗುಂಪಿನ ಚೆಕ್ ಆದರೆ ಎರಡು ಸಹಿ ಬೇಕಾಗುವುದು ಸಾಮಾನ್ಯ. ಅಧ್ಯಕ್ಷರು ಸಹಿ ಹಾಕಿ ಕಾರ್ಯದರ್ಶಿ ಮರೆತಿದ್ದರೆ, ಇಲ್ಲವೇ ಪದಾಧಿಕಾರಿಗಳು ಬದಲಾಗಿ ಹೊಸಬರ ಠರಾವು ಬ್ಯಾಂಕಿಗೆ ಮುಟ್ಟದಿದ್ದರೆ, ಚೆಕ್ ನಿಲ್ಲುತ್ತದೆ. ಜಾತ್ರೆಯ ಪೆಂಡಾಲು ಹಾಕಿದವರಿಗೆ ಇದು ಚೆನ್ನಾಗಿ ಗೊತ್ತು. ಇದಲ್ಲದೆ ಖಾತೆದಾರರು ತೀರಿಹೋದ ಸುದ್ದಿ ಬ್ಯಾಂಕಿಗೆ ತಲುಪಿದ್ದರೆ, ಕೋರ್ಟು ಅಥವಾ ತೆರಿಗೆ ಇಲಾಖೆ ಖಾತೆ ಜಪ್ತಿ ಮಾಡಿದ್ದರೆ, ಎರಡು ವರ್ಷಕ್ಕೂ ಹೆಚ್ಚು ವ್ಯವಹಾರವಿಲ್ಲದೆ ಖಾತೆ ನಿಷ್ಕ್ರಿಯವಾಗಿದ್ದರೆ, ಕೆವೈಸಿ ಬಾಕಿ ಇದ್ದು ಖಾತೆಗೆ ತಡೆ ಬಿದ್ದಿದ್ದರೆ ಬ್ಯಾಂಕು ಕೊಡುವುದಿಲ್ಲ.

ಖಾತೆಗೆ ಹಾಕುವಾಗ

ಚಲನ್ ತುಂಬಿ, ಚೆಕ್‌ನ ಹಿಂದೆ ನಿಮ್ಮ ಖಾತೆ ಸಂಖ್ಯೆ ಮತ್ತು ಫೋನ್ ನಂಬರ್ ಬರೆಯಿರಿ. ಮುಂಬದಿಯ ಕೆಳಗಿನ ಬಿಳಿ ಪಟ್ಟಿಯಲ್ಲಿ ಏನನ್ನೂ ಬರೆಯಬೇಡಿ. ಅಲ್ಲಿರುವ ಕಾಂತೀಯ ಅಂಕಿಗಳನ್ನು ಯಂತ್ರ ಓದುತ್ತದೆ. ಪಿನ್ನು ಚುಚ್ಚಬೇಡಿ, ಅಂಟು ಹಚ್ಚಬೇಡಿ. ಹಾಕುವ ಮುಂಚೆ ಎರಡೂ ಬದಿಯ ಫೋಟೊ ತೆಗೆದುಕೊಳ್ಳಿ.

ಡ್ರಾಪ್ ಬಾಕ್ಸ್ ತೋರಿಸಿ "ಅಲ್ಲೇ ಹಾಕ್ರಿ" ಎನ್ನುತ್ತಾರೆ. ಸಣ್ಣ ಮೊತ್ತ ಇದ್ದರೆ ಹಾಕಿ. ದೊಡ್ಡದಿದ್ದರೆ ಕೌಂಟರಿನಲ್ಲೇ ಕೊಟ್ಟು ಚಲನ್‌ನ ಅರ್ಧಕ್ಕೆ ಸಿಕ್ಕಾ ಹಾಕಿಸಿಕೊಳ್ಳಿ. ಕೌಂಟರಿನಲ್ಲಿ ಚೆಕ್ ಕೊಟ್ಟು ರಸೀದಿ ಕೇಳಿದವರಿಗೆ ಯಾವ ಶಾಖೆಯೂ ಇಲ್ಲ ಎನ್ನುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ಸೂಚನೆ, ಅವರು ಮಾಡುವ ಉಪಕಾರವಲ್ಲ.

2025ರ ಅಕ್ಟೋಬರ್ 4ರಿಂದ ಕ್ಲಿಯರಿಂಗ್ ರೀತಿ ಬದಲಾಗಿದೆ. ಮೊದಲು ಚೆಕ್‌ಗಳನ್ನು ಗಂಟು ಕಟ್ಟಿ ಒಟ್ಟಿಗೆ ಕಳಿಸುತ್ತಿದ್ದರು. ಈಗ ಹಗಲಿನ ಕ್ಲಿಯರಿಂಗ್ ವೇಳೆಯಲ್ಲಿ ಸ್ಕ್ಯಾನ್ ಆದ ಹಾಗೆಯೇ ಫೋಟೊ ಹೋಗುತ್ತಿರುತ್ತದೆ. ಹಣ ಕೊಡಬೇಕಾದ ಬ್ಯಾಂಕು ಅದೇ ದಿನ ಸಂಜೆ 7ರೊಳಗೆ ಹೂಂ ಅಥವಾ ಉಹೂಂ ಎನ್ನಬೇಕು. ಏನೂ ಹೇಳದಿದ್ದರೆ ಒಪ್ಪಿದಂತೆ ಲೆಕ್ಕ. ಹಾಗಾಗಿ ಚೆಕ್ಕನ್ನು ಮಧ್ಯಾಹ್ನದೊಳಗೆ ಕೊಡುವುದು ಲೇಸು. ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕ್ ಇರುವುದಿಲ್ಲ ಎಂಬುದೂ ನೆನಪಿರಲಿ.

ಚೆಕ್ ಬರೆಯುವವರಿಗೆ ಎರಡು ಮಾತು

"ಸೋಮವಾರ ಚೆಕ್ ಕೊಡೋಣ, ಅದು ಬರೋದ್ರಾಗ ಬುಧವಾರ ರೊಕ್ಕಾ ತುಂಬೋಣ" ಎಂಬ ಹಳೆಯ ಲೆಕ್ಕ ಈಗ ಕೆಲಸ ಮಾಡುವುದಿಲ್ಲ. ಚೆಕ್ ಅದೇ ದಿನ ನಿಮ್ಮ ಖಾತೆಯ ಬಾಗಿಲು ಬಡಿಯಬಹುದು.

50,000 ಮತ್ತು ಅದಕ್ಕಿಂತ ಹೆಚ್ಚಿನ ಚೆಕ್‌ಗೆ 2021ರ ಜನವರಿಯಿಂದ ಪಾಸಿಟಿವ್ ಪೇ ಎಂಬ ಸೌಲಭ್ಯ ಇದೆ. ಚೆಕ್ ಬರೆದ ಮೇಲೆ ಅದರ ಸಂಖ್ಯೆ, ತಾರೀಖು, ಮೊತ್ತ, ಪಡೆಯುವವರ ಹೆಸರನ್ನು ಆ್ಯಪ್‌ನಲ್ಲೋ ಶಾಖೆಯಲ್ಲೋ ಮೊದಲೇ ತಿಳಿಸುವುದು. 5 ಲಕ್ಷ ಮತ್ತು ಹೆಚ್ಚಿನದಕ್ಕೆ ಬ್ಯಾಂಕುಗಳು ಇದನ್ನು ಕಡ್ಡಾಯ ಮಾಡಬಹುದು, ಹಲವು ಮಾಡಿವೆ. ಬ್ಯಾಡಗಿ ಪೇಟೆಯಲ್ಲಿ ಸುಗ್ಗಿ ಕಾಲದ ಮೊತ್ತಕ್ಕೆ ಇದು ಅನ್ವಯಿಸುವುದೇ ಹೆಚ್ಚು. ಚೆಕ್ ಪಡೆಯುವವರೂ ಕೇಳಬೇಕು, "ಪಾಸಿಟಿವ್ ಪೇ ಹಾಕೀರೇನ್ರೀ ಸಾಹುಕಾರ್ರ?" ಅವರು ಫೋನಿನಲ್ಲಿ ಅಲ್ಲೇ ಮಾಡಿ ತೋರಿಸಿದರೆ ನಿಶ್ಚಿಂತೆ.

ಸಹಿ ಮಾಡಿದ ಖಾಲಿ ಚೆಕ್ ಕೊಡಬೇಡಿ. ಫೈನಾನ್ಸಿನವರು 'ಸೆಕ್ಯುರಿಟಿಗೆ' ಎಂದು ಕೇಳುವುದು ನಮ್ಮಲ್ಲಿ ರೂಢಿಯೇ ಆಗಿಬಿಟ್ಟಿದೆ. ಒಪ್ಪಿ ಕೊಟ್ಟ ಖಾಲಿ ಚೆಕ್ಕನ್ನು ಬೇರೆಯವರು ತುಂಬಿದರೂ ಕಾನೂನಿನ ಹೊಣೆ ಸಹಿ ಮಾಡಿದವರದೇ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಸಾಲ ತೀರಿದ ದಿನವೇ ಅಂಥ ಚೆಕ್‌ಗಳನ್ನು ಎಣಿಸಿ ವಾಪಸ್ ತನ್ನಿ.

ವಾಪಸ್ ಬಂದರೆ

ಚೆಕ್ ವಾಪಸಾದರೆ ಜೊತೆಗೆ ಒಂದು ಚೀಟಿ ಬರುತ್ತದೆ, ರಿಟರ್ನ್ ಮೆಮೊ. ಚೆಕ್‌ಗಿಂತ ಈಗ ಅದೇ ಮುಖ್ಯ. ಅದರಲ್ಲಿ ಕಾರಣದ ಸಂಖ್ಯೆ ಇರುತ್ತದೆ. 01 ಎಂದರೆ ಖಾತೆಯಲ್ಲಿ ಹಣ ಸಾಲದು, 12 ಎಂದರೆ ಸಹಿ ಹೊಂದಲಿಲ್ಲ, 20 ಎಂದರೆ ಬರೆದವರೇ ತಡೆಹಿಡಿದಿದ್ದಾರೆ, 31 ಎಂದರೆ ಅವಧಿ ಮುಗಿದಿದೆ. ಬಾಯಿಮಾತಿನಲ್ಲಿ "ಬೌನ್ಸ್ ಆಗೇತ್ರಿ" ಎಂದರೆ ಬಿಡಬೇಡಿ, ಮೆಮೊ ಕೇಳಿ ತಗೊಳ್ಳಿ. ಮೇಲೆ ತಾರೀಖು ಮತ್ತು ಸಿಕ್ಕಾ ಇದೆಯೇ ನೋಡಿ.

ತಾಂತ್ರಿಕ ಕಾರಣ ಆಗಿದ್ದರೆ, ಅಂದರೆ ಫೋಟೊ ಸರಿ ಬಂದಿಲ್ಲ ಎನ್ನುವಂಥದ್ದಾದರೆ, ನಿಮ್ಮ ತಪ್ಪಿಲ್ಲದಿರುವಾಗ ಬ್ಯಾಂಕು ಶುಲ್ಕ ಹಾಕುವಂತಿಲ್ಲ. ಹಾಕಿದ್ದರೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. 14448ಕ್ಕೆ ಫೋನ್ ಮಾಡಿದರೆ ಹೇಗೆಂದು ಹೇಳುತ್ತಾರೆ.

ಹಣ ಸಾಲದೆ ವಾಪಸಾಗಿದ್ದರೆ ಮೊದಲು ಕೊಟ್ಟವರಿಗೆ ಫೋನ್ ಮಾಡಿ. ನಮ್ಮ ಪೇಟೆಯ ವ್ಯವಹಾರ ಹೆಚ್ಚಿನದು ನಂಬಿಕೆಯ ಮೇಲೆ ನಡೆಯುತ್ತದೆ. ಅವರು "ಗುರುವಾರ ಹಾಕ್ರಿ" ಎಂದರೆ ಅವಧಿಯೊಳಗೆ ಅದೇ ಚೆಕ್ಕನ್ನು ಮತ್ತೆ ಹಾಕಬಹುದು. ಆದರೆ ಒಂದು ಕಣ್ಣು ಕ್ಯಾಲೆಂಡರ್ ಮೇಲೆ ಇರಲಿ. ಚೆಕ್ ಬೌನ್ಸ್ ಆದದ್ದಕ್ಕೆ ಅದೇ 1881ರ ಕಾಯ್ದೆಯ 138ನೇ ಕಲಮಿನಡಿ ಹಾಕುವ ಕೇಸಿಗೆ ಗಡುವುಗಳಿವೆ. ಮೆಮೊ ಬಂದ 30 ದಿನದೊಳಗೆ ಲಿಖಿತ ನೋಟಿಸ್ ಹೋಗಬೇಕು. ನೋಟಿಸ್ ತಲುಪಿದ ಮೇಲೆ ಹಣ ಕೊಡಲು ಅವರಿಗೆ 15 ದಿನ ಇರುತ್ತದೆ. ಕೊಡದಿದ್ದರೆ ಆ 15 ದಿನ ಮುಗಿದ ಮೇಲೆ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು ಹಾಕಬೇಕು. ನೋಟಿಸನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅದರಲ್ಲಿ ಚೆಕ್‌ನ ಮೊತ್ತ ಚೆಕ್‌ನಲ್ಲಿರುವಂತೆಯೇ ಇರಬೇಕು. ವಾಟ್ಸಾಪ್‌ನಲ್ಲಿ ಬೈದದ್ದನ್ನೇ ನೋಟಿಸ್ ಎಂದು ನಂಬಿ ಕೂರಬೇಡಿ, ವಕೀಲರ ಕೈಯಲ್ಲಿ ಬರೆಸಿ.

ಆರೋಪ ಸಾಬೀತಾದರೆ ಎರಡು ವರ್ಷದವರೆಗೆ ಸೆರೆವಾಸ, ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. 'ಸ್ಟಾಪ್ ಪೇಮೆಂಟ್' ಹಾಕಿದೆವು, ಸಹಿ ಬೇಕೆಂದೇ ಬೇರೆ ಮಾಡಿದೆವು ಎಂದು ಜಾರಿಕೊಳ್ಳಲೂ ಆಗುವುದಿಲ್ಲ. ಅಂಥವೂ ಈ ಕಲಮಿನಡಿ ಬರಬಹುದು ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಆದರೆ ಅದು ಕೊಡಲೇಬೇಕಾದ ಬಾಕಿಗೆ ಬರೆದ ಚೆಕ್ ಆಗಿರಬೇಕು. ಗುಡಿಗೆ ದೇಣಿಗೆ ಎಂದು, ಮದುವೆಗೆ ಉಡುಗೊರೆ ಎಂದು ಕೊಟ್ಟ ಚೆಕ್ ವಾಪಸಾದರೆ ಈ ಕೇಸು ನಿಲ್ಲುವುದಿಲ್ಲ.

ಕೇಸು ಎಲ್ಲಿ ಹಾಕಬೇಕು ಎಂಬುದಕ್ಕೆ ಮೊದಲು ದೊಡ್ಡ ಗೊಂದಲ ಇತ್ತು. 2015ರ ತಿದ್ದುಪಡಿ ಅದನ್ನು ಬಿಡಿಸಿದೆ. ನಿಮ್ಮ ಖಾತೆಗೆ ಹಾಕಿದ ಚೆಕ್ ವಾಪಸಾಗಿದ್ದರೆ, ನಿಮ್ಮ ಖಾತೆ ಇರುವ ಶಾಖೆ ಎಲ್ಲಿದೆಯೋ ಅಲ್ಲಿನ ಕೋರ್ಟು. ಮುಂಬೈ ವ್ಯಾಪಾರಿ ಕೊಟ್ಟ ಚೆಕ್ ಆದರೂ ಗದಗಿನಲ್ಲಿ ಖಾತೆ ಇರುವವರು ಗದಗಿನಲ್ಲೇ ದೂರು ಹಾಕಬಹುದು. ನೀವು ಬರೆದವರ ಬ್ಯಾಂಕಿಗೇ ಹೋಗಿ ಕೌಂಟರಿನಲ್ಲಿ ನಗದು ಕೇಳಿ ವಾಪಸಾಗಿದ್ದರೆ ಮಾತ್ರ ಅವರ ಶಾಖೆ ಇರುವ ಊರಿನ ಕೋರ್ಟಿಗೆ ಹೋಗಬೇಕು. ದೂರದವರ ಚೆಕ್ಕನ್ನು ನಿಮ್ಮ ಖಾತೆಗೇ ಹಾಕಿ ಎಂದು ಹೇಳಲು ಇದೂ ಒಂದು ಕಾರಣ.

ಗಡುವು ತಪ್ಪಿದರೆ ಬಾಕಿ ಮುಳುಗಿತು ಎಂದಲ್ಲ. ಸಿವಿಲ್ ದಾವೆಗೆ ಸಾಮಾನ್ಯವಾಗಿ ಮೂರು ವರ್ಷ ಇರುತ್ತದೆ. ನಡುವೆ ಅವರು ಸ್ವಲ್ಪ ಸ್ವಲ್ಪ ಕೊಟ್ಟರೆ ಎಷ್ಟು ಬಂತು, ಯಾವ ದಿನ ಬಂತು ಎಂದು ಇಬ್ಬರ ಸಹಿಯೊಂದಿಗೆ ಬರೆದಿಡಿ. ಭಾಗ ಬಂದ ಮೇಲೆ ಹಳೆಯ ಚೆಕ್ಕನ್ನೇ ಪೂರ್ತಿ ಮೊತ್ತಕ್ಕೆ ಮತ್ತೆ ಹಾಕಬೇಡಿ. ಉಳಿದ ಮೊತ್ತಕ್ಕೆ ಹೊಸ ಚೆಕ್ ಬರೆಸಿಕೊಂಡು, ಹಳೆಯದನ್ನು ಅವರ ಕೈಗೆ ಕೊಟ್ಟುಬಿಡಿ.